ಎಫ್ 50 ಬಂದರೂ ಇನ್‌ಸ್ಟ್ರುಮೆಂಟ್ ಗಟ್ಟಿಯೇ?

ಎಕ್ಸ್ ವೈ ಮೇಲೆ ಬೀರುವ ಪರಿಣಾಮವನ್ನು (ಬೀಟಾ) ಅಳೆಯಲು, ಎಕ್ಸ್ ಮೂಲಕ ಮಾತ್ರ ವೈಯನ್ನು ಮುಟ್ಟುವ ಮೂರನೆಯ ಚರ ಝಡ್ ಬಳಸುವ ವಿಧಾನ ಐವಿ; ಆ ಝಡ್ ಇನ್‌ಸ್ಟ್ರುಮೆಂಟ್. ಝಡ್ ಎಕ್ಸ್ ಅನ್ನು ಎಷ್ಟು ಬಲವಾಗಿ ಕದಲಿಸುತ್ತದೆ ಎಂದು ಪರೀಕ್ಷಿಸುವ ಅಂಕಿ ಮೊದಲ ಹಂತದ ಎಫ್. ಅದು 10 ದಾಟಿತು, ಇನ್‌ಸ್ಟ್ರುಮೆಂಟ್ ಗಟ್ಟಿ ಎಂದು ಬರೆದು ಮುಂದೆ ಹೋಗುವುದು ರೂಢಿ. ಮಾದರಿ ಲಕ್ಷ ಮುಟ್ಟಿದಾಗ ಈ ರೂಢಿ ಕೈಕೊಡುತ್ತದೆ. ಇನ್‌ಸ್ಟ್ರುಮೆಂಟ್ ಒಂದೇ ಇದ್ದರೆ ಎಫ್ ಅಂದರೆ ಹೆಚ್ಚುಕಡಿಮೆ ಮಾದರಿ ಗಾತ್ರ × ಭಾಗಶಃ ಆರ್-ಸ್ಕ್ವೇರ್ (ಕಂಟ್ರೋಲ್‌ಗಳನ್ನು, ಅಂದರೆ ಇತರ ಚರಗಳನ್ನು, ಕಳೆದ ಮೇಲೆ ಎಕ್ಸ್‌ನ ಏರಿಳಿತದಲ್ಲಿ ಝಡ್ ವಿವರಿಸುವ ಪಾಲು), ಅಷ್ಟೇ.

ಮಂಡ್ಯದ ಕಬ್ಬನ್ನೇ ತೆಗೆದುಕೊಳ್ಳಿ (ಅಂಕಿಗಳು ಲೆಕ್ಕಕ್ಕೆ ಮಾತ್ರ). ಎಕರೆ ಇಳುವರಿ ವೈ, ಗದ್ದೆಗೆ ಸಿಕ್ಕ ನೀರು ಎಕ್ಸ್. ವಿಶ್ವೇಶ್ವರಯ್ಯ ನಾಲೆಯ ತಲೆಯಿಂದ ವಿತರಣಾ ನಾಲೆ ಕವಲೊಡೆಯುವ ಜಾಗಕ್ಕಿರುವ ದೂರ ಝಡ್. 1,00,000 ಗದ್ದೆ, ಭಾಗಶಃ ಆರ್-ಸ್ಕ್ವೇರ್ 0.0005. ಎಫ್ = 50.

ಎಡವುವುದು ಇಲ್ಲೇ. ಒಂದು ವಿತರಣಾ ನಾಲೆಯ ಗದ್ದೆಗಳಿಗೆಲ್ಲ ಝಡ್ ಒಂದೇ. ನಾಲೆ 50, ತಲಾ 2,000 ಗದ್ದೆ ಎಂದಿಟ್ಟುಕೊಳ್ಳಿ. ಒಂದೇ ನಾಲೆಯ ಗದ್ದೆಗಳ ಶೇಷಗಳ (ಝಡ್ ವಿವರಿಸದೆ ಉಳಿದ ಭಾಗ) ನಡುವೆ ಸಹಸಂಬಂಧ ಬರೀ 0.005 ಇದ್ದರೂ ಅಂದಾಜಿನ ವೇರಿಯನ್ಸ್ (ಅನಿಶ್ಚಿತತೆಯ ಅಳತೆ) ಹಿಗ್ಗುವುದು 1 + 1,999 × 0.005, ಅಂದರೆ ಸುಮಾರು 11 ಪಟ್ಟು. 50ನ್ನು 11ರಿಂದ ಭಾಗಿಸಿ: 4.5. ಲಕ್ಷ ಸಾಲಿನ ಡೇಟಾ ಕೊನೆಗೆ 50 ನಾಲೆಗಳ ಡೇಟಾ. ಹಾಗಾಗಿ ಕ್ಲಸ್ಟರ್ ಮಾಡಿದ (ಒಂದು ನಾಲೆಯ ಗದ್ದೆಗಳನ್ನು ಒಂದು ಗುಂಪೆಂದು ಲೆಕ್ಕ ಹಾಕಿದ) ಎಫ್ ಮಾತ್ರ ನೋಡಿ.

ಎಫ್ ದಾಟಬೇಕಾದ ಮಿತಿಗಳು: ಅರ್ಥಶಾಸ್ತ್ರಜ್ಞರಾದ ಸ್ಟಾಕ್ ಮತ್ತು ಯೋಗೊ ಅವರ ಪಟ್ಟಿಯ 16.38 ಒಂದು ಇನ್‌ಸ್ಟ್ರುಮೆಂಟ್‌ಗೆ, ಅದೂ ವೇರಿಯನ್ಸ್ ಎಲ್ಲೆಡೆ ಸಮ ಎಂಬ ಊಹೆಯ ಮೇಲೆ. ಕ್ಲಸ್ಟರ್ ಎಫ್ ಅನ್ನು ಅದರ ಪಕ್ಕದಲ್ಲಿಡಬೇಡಿ. ವೇರಿಯನ್ಸ್ ಸಮವಿಲ್ಲದಾಗಲೂ, ಕ್ಲಸ್ಟರ್ ಇದ್ದಾಗಲೂ ಸಲ್ಲುವ ಎಫೆಕ್ಟಿವ್ ಎಫ್‌ಗೆ 23.1 (ಶೇ. 10 ಬಯಾಸ್ ಮಿತಿ; ಬಯಾಸ್ ಅಂದರೆ ಅಂದಾಜು ಒಂದೇ ಕಡೆಗೆ ವಾಲುವುದು). 1.96ರ ಟಿ-ಪರೀಕ್ಷೆಯನ್ನು ನಿಜಕ್ಕೂ ಶೇ. 5ರ ಪರೀಕ್ಷೆ ಎಂದು ನಂಬಬೇಕಾದರೆ 104.7.

ಎಫ್ ಹೇಳದ ಇನ್ನೊಂದಿದೆ. ನನ್ನ ಮಟ್ಟಿಗೆ ಅದೇ ದೊಡ್ಡದು. ನಾಲೆಯ ಮೇಲ್ಭಾಗದಲ್ಲಿ ಜೌಗು ಹೆಚ್ಚಿದ್ದರೆ ದೂರವು ನೀರಿನ ಪ್ರಮಾಣವನ್ನು ಬಳಸದೆಯೇ ಇಳುವರಿಯನ್ನು ಮುಟ್ಟುತ್ತದೆ. ಝಡ್‌ಗೂ ದೋಷಪದಕ್ಕೂ (ಇಳುವರಿಯಲ್ಲಿ ಎಕ್ಸ್ ವಿವರಿಸದ ಭಾಗ) ಸಹಸಂಬಂಧ 0.005 ಇರಲಿ. ಝಡ್-ಎಕ್ಸ್ ಸಹಸಂಬಂಧ 0.0005ರ ವರ್ಗಮೂಲ, 0.022. ಐವಿಯ ಬಯಾಸ್ 0.005 ÷ 0.022 = 0.22ಕ್ಕೆ ತಕ್ಕಷ್ಟು. ಎಕ್ಸ್‌ಗೂ ದೋಷಪದಕ್ಕೂ ಸಹಸಂಬಂಧ 0.2 ಇರುವ ಸಾದಾ ಓಎಲ್‌ಎಸ್ (ಇನ್‌ಸ್ಟ್ರುಮೆಂಟ್ ಇಲ್ಲದ ನೇರ ರಿಗ್ರೆಷನ್) ಇದಕ್ಕಿಂತ ವಾಸಿ! ಗದ್ದೆ 10 ಲಕ್ಷ ಮಾಡಿ: ಕ್ಲಸ್ಟರ್ ಮಾಡದ ಎಫ್ 500 ಆಗುತ್ತದೆ, 0.22 ಹಾಗೇ ಉಳಿಯುತ್ತದೆ. ಆದ್ದರಿಂದ ಎಫ್ ಪಕ್ಕದಲ್ಲಿ ಭಾಗಶಃ ಆರ್-ಸ್ಕ್ವೇರ್ ತಪ್ಪದೆ ಬರೆಯಿರಿ.

ಎಫ್ ಕಡಿಮೆ ಬಂತೆಂದು ಇನ್‌ಸ್ಟ್ರುಮೆಂಟ್ ಎಸೆಯಬೇಕಿಲ್ಲ. ಇನ್‌ಸ್ಟ್ರುಮೆಂಟ್ ದುರ್ಬಲವಾದರೂ ನಂಬಬಹುದಾದ ಆಂಡರ್ಸನ್-ರೂಬಿನ್ ಪರೀಕ್ಷೆ ಮಾಡಿ. ಬೀಟಾಗೆ ಒಂದು ಬೆಲೆ ಹಿಡಿದು ವೈ − ಬೀಟಾ × ಎಕ್ಸ್ ಅನ್ನು ಝಡ್ ಮೇಲೆ, ಅದೇ ಕಂಟ್ರೋಲ್‌ಗಳ ಜೊತೆ, ಕ್ಲಸ್ಟರ್ ಮಾಡಿ ರಿಗ್ರೆಷನ್ ಓಡಿಸಿ. ಝಡ್‌ನ ಗುಣಾಂಕ ಸೊನ್ನೆ ಎಂಬುದು ಬಿದ್ದುಹೋಗದ ಬೀಟಾಗಳೆಲ್ಲ ಸೇರಿದರೆ ವಿಶ್ವಾಸಾಂತರ. ಕ್ಲಸ್ಟರ್ ಮಾಡಿದ ಮೊದಲ ಹಂತದ ಎಫ್ 3.84ಕ್ಕಿಂತ ಕೆಳಗಿದ್ದರೆ ಶೇ. 95ರ ಈ ಅಂತರಕ್ಕೆ ಕೊನೆಯೇ ಇರುವುದಿಲ್ಲ. ಅದು ಸಾಫ್ಟ್‌ವೇರ್ ತಪ್ಪಲ್ಲ. ಹಾಗೇ ವರದಿ ಮಾಡಿ.