ಗೆರೆ ನೇರವಾದರೆ ಶಾಕ್ ಕೊಡಬೇಕೆ? ಧಾರಾವಾಹಿಯ ಅಸಿಸ್ಟೊಲಿ, ವಾರ್ಡಿನ ಅಸಿಸ್ಟೊಲಿ

ಆಸ್ಪತ್ರೆ ಧಾರಾವಾಹಿಗಳಲ್ಲಿ ಮಾನಿಟರಿನ ಗೆರೆ ನೇರವಾದ ಕೂಡಲೇ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆ ಪೂರ್ತಿ ನಿಂತ ಅಸಿಸ್ಟೊಲಿಯಲ್ಲಿ, ಡಾಕ್ಟರು ಶಾಕ್ ಕೊಡುವ ಪ್ಯಾಡಲ್ ಎತ್ತಿಕೊಳ್ಳುತ್ತಾರೆ. ಶಾಕ್ ಬೀಳುತ್ತದೆ, ರೋಗಿ ಕಣ್ಣು ಬಿಡುತ್ತಾನೆ. ವೈದ್ಯ ವಿದ್ಯಾರ್ಥಿ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೀಗೆ ಉತ್ತರಿಸಿದರೆ ಅಂಕ ಹೋಗುತ್ತದೆ. ವಾರ್ಡಿನಲ್ಲಿ ಹೀಗೆ ಮಾಡಿದರೆ ಎದೆ ಒತ್ತಬೇಕಾದ ಹೊತ್ತು ಹಾಳಾಗುತ್ತದೆ.

ಶಾಕ್ ನಿಂತ ಹೃದಯವನ್ನು ಚಾಲೂ ಮಾಡುವುದಿಲ್ಲ. ವೆಂಟ್ರಿಕ್ಯುಲರ್ ಫಿಬ್ರಿಲೇಶನ್‌ನಲ್ಲಿ ಹೃದಯದ ಸ್ನಾಯು ಹೊಂದಾಣಿಕೆಯಿಲ್ಲದೆ ಅದುರುತ್ತಿರುತ್ತದೆ. ಶಾಕ್ ಆ ಅದುರಾಟವನ್ನು ಒಮ್ಮೆಗೇ ನಿಲ್ಲಿಸುತ್ತದೆ, ಆಮೇಲೆ ಹೃದಯದ ಸಹಜ ಬಡಿತ ಹುಟ್ಟಿಸುವ ಸೈನಸ್ ನೋಡ್ ಲಯ ಹಿಡಿಯಬಹುದು. ಅಸಿಸ್ಟೊಲಿಯಲ್ಲಿ ನಿಲ್ಲಿಸಲು ವಿದ್ಯುತ್ ಚಟುವಟಿಕೆಯೇ ಇಲ್ಲ. ಕಾರ್ಡಿಯಾಕ್ ಅರೆಸ್ಟಿನಲ್ಲಿ (ಹೃದಯ ಸ್ತಂಭನದಲ್ಲಿ) ಶಾಕ್ ಫಿಬ್ರಿಲೇಶನ್‌ಗೆ ಮತ್ತು ನಾಡಿಯಿಲ್ಲದ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾಕ್ಕೆ (ಹೃದಯದ ಕೆಳಕೋಣೆಗಳಿಂದ ಹುಟ್ಟುವ ಅತಿವೇಗದ ಲಯಕ್ಕೆ) ಮಾತ್ರ.

ನೇರ ಗೆರೆ ಕಂಡರೆ ಒತ್ತುವುದನ್ನು ನಿಲ್ಲಿಸದೆ ಲೀಡ್ (ಮೈಗೆ ಅಂಟಿಸಿದ ಮಾನಿಟರಿನ ತಂತಿ) ಕಳಚಿದೆಯೇ, ಗೇನ್ (ಗೆರೆಯನ್ನು ಹಿಗ್ಗಿಸಿ ತೋರಿಸುವ ಮಟ್ಟ) ತಗ್ಗಿದೆಯೇ ನೋಡಿ. ಮಾನಿಟರಿನಲ್ಲಿ ಇನ್ನೊಂದು ಲೀಡಿನ ನೋಟಕ್ಕೆ ಬದಲಿಸಿ. ಸಣ್ಣ ಫಿಬ್ರಿಲೇಶನ್ ನೇರ ಗೆರೆಯಂತೆ ಕಂಡು ಮೋಸ ಮಾಡುವುದುಂಟು.

ಪರದೆಯ ಮೇಲೆ ಮೊಣಕೈ ಮಡಚಿ ಮೆಲ್ಲಗೆ ಒತ್ತುತ್ತಾರೆ, ಏಕೆಂದರೆ ಮಲಗಿರುವ ನಟನ ಹೃದಯ ಚೆನ್ನಾಗಿಯೇ ಬಡಿಯುತ್ತಿದೆ. ನೀವು ಮೊಣಕೈ ನೇರವಿಟ್ಟು, ಭುಜವನ್ನು ಕೈಗಳ ಮೇಲಕ್ಕೆ ತಂದು, ವಯಸ್ಕರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೇಳಲಿ, ಇಲ್ಲದಿದ್ದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಶ್ವಾಸನಾಳಕ್ಕೆ ಟ್ಯೂಬ್ ಹಾಕುವವರೆಗೆ 30 ಒತ್ತಿಗೆ 2 ಉಸಿರು. 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು; ಸುಸ್ತಾದದ್ದು ತಿಳಿಯುವ ಮೊದಲೇ ಆಳ ಕಡಿಮೆಯಾಗಿರುತ್ತದೆ. ಅಡ್ರಿನಲಿನ್ 1 ಮಿ.ಗ್ರಾಂ ಅಭಿಧಮನಿಗೆ ಬೇಗ ಕೊಟ್ಟು, 3ರಿಂದ 5 ನಿಮಿಷಕ್ಕೊಮ್ಮೆ ಪುನರಾವರ್ತಿಸಿ. ಅಟ್ರೋಪಿನ್ ಅನ್ನು ಅಸಿಸ್ಟೊಲಿಯ ನಿತ್ಯದ ಕ್ರಮದಿಂದ 2010ರಲ್ಲೇ ಕೈಬಿಡಲಾಗಿದೆ. ಹಳೆಯ ನೋಟ್ಸ್ ಓದುವವರು ಗಮನಿಸಿ.

ಧಾರಾವಾಹಿ ಪೂರ್ತಿ ಮರೆಯುವುದು ಕಾರಣವನ್ನು. ಅಸಿಸ್ಟೊಲಿಯಲ್ಲಿ ರೋಗಿ ಉಳಿಯುವುದು ಹೆಚ್ಚಾಗಿ ಸರಿಪಡಿಸಬಹುದಾದ ಕಾರಣ ಸಿಕ್ಕಾಗಲೇ: ಆಮ್ಲಜನಕದ ಕೊರತೆ, ರಕ್ತಸ್ರಾವ, ಪೊಟ್ಯಾಸಿಯಂ ಏರುಪೇರು, ಟೆನ್ಷನ್ ನ್ಯೂಮೊಥೊರಾಕ್ಸ್ (ಎದೆಗೂಡಿನಲ್ಲಿ ಗಾಳಿ ಸಿಕ್ಕಿ ಶ್ವಾಸಕೋಶ, ಹೃದಯವನ್ನು ಒತ್ತುವುದು), ವಿಷ. ಮಂಡ್ಯದ ಕಬ್ಬು, ಭತ್ತದ ಗದ್ದೆಗಳ ಕಡೆಯಿಂದ ಬರುವ ರೋಗಿಯಲ್ಲಿ ಕೀಟನಾಶಕ ಸೇವನೆ, ಹಾವು ಕಡಿತ ಎರಡನ್ನೂ ಕೇಳಲೇಬೇಕು. ಆರ್ಗನೊಫಾಸ್ಫೇಟ್ ಎಂಬ ಬಗೆಯ ಕೀಟನಾಶಕದ ವಿಷಕ್ಕಾದರೆ ಅಟ್ರೋಪಿನ್ ಬೇಕೇ ಬೇಕು. ಶ್ವಾಸಕೋಶದ ಗೊರಗೊರ ಸದ್ದು ಹೋಗುವವರೆಗೆ ಡೋಸ್ ಏರಿಸುತ್ತಾರೆ. ಕಟ್ಟುಹಾವು ಕಡಿದವರಲ್ಲಿ ಉಸಿರಾಟದ ಸ್ನಾಯು ಸೋತು, ಆಮ್ಲಜನಕವಿಲ್ಲದೆ ಹೃದಯ ನಿಲ್ಲುತ್ತದೆ. ಕಚ್ಚಿದ ಗುರುತೂ ಕಾಣದಿರಬಹುದು. ರೆಪ್ಪೆ ಜೋತು ಬಿದ್ದು, ಮಾತು ತೊದಲಿದಾಗಲೇ ಬ್ಯಾಗ್-ಮಾಸ್ಕ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಪಕ್ಕದಲ್ಲಿರಲಿ. ಆ್ಯಂಟಿವೆನಮ್ ಕೊಟ್ಟ ಮೇಲೂ ಉಸಿರು ತಾನಾಗಿ ಮರಳಲು ದಿನಗಳೇ ಬೇಕಾಗಬಹುದು, ಅಲ್ಲಿಯವರೆಗೆ ವೆಂಟಿಲೇಟರ್ ತೆಗೆಯಬಾರದು.