ಪರದೆ ತೆಗೆದರೂ ಬ್ಯಾಟರಿ ಉಳಿಯಲಿಲ್ಲ

2013ರಲ್ಲಿ ಸೋನಿ ಕಂಪನಿ ಕ್ಯೂಎಕ್ಸ್10, ಕ್ಯೂಎಕ್ಸ್100 ಎಂಬ ಎರಡು ವಿಚಿತ್ರ ಕ್ಯಾಮೆರಾ ತಂದಿತು. ನೋಡಲು ಬರೀ ಲೆನ್ಸ್. ಹಿಂದೆ ಪರದೆ ಇಲ್ಲ. ಫೋನಿಗೆ ಸಿಕ್ಕಿಸಿ, ವೈಫೈಯಲ್ಲಿ ಜೋಡಿಸಿ, ಫೋನಲ್ಲೇ ನೋಡಿಕೊಂಡು ಫೋಟೊ ತೆಗೆಯಬೇಕು. ಪರದೆಯೇ ಇಲ್ಲ ಅಂದಮೇಲೆ ಬ್ಯಾಟರಿ ಜಾಸ್ತಿ ಹೊತ್ತು ಬರಬೇಕಲ್ವಾ? ಬರಲಿಲ್ಲ. ಒಂದು ಚಾರ್ಜಿಗೆ ಹೆಚ್ಚೂಕಡಿಮೆ 200 ಫೋಟೊ, ಅಷ್ಟೇ.

ಪರದೆ ಹೋದರೂ ಅದರ ಕೆಲಸ ಹೋಗಿಲ್ಲ. ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಬಿಡದೆ ಓಡುತ್ತಲೇ ಇರಬೇಕು. ಒಂದೊಂದು ಚಿತ್ರವನ್ನೂ ಪ್ರೊಸೆಸರ್ ಕುಗ್ಗಿಸಬೇಕು. ಮಾಮೂಲಿ ಕ್ಯಾಮೆರಾದಲ್ಲಿ ಆ ಚಿತ್ರ ನಾಲ್ಕು ಬೆರಳು ದೂರದ ಪರದೆಗೆ ತಂತಿಯಲ್ಲೇ ಹೋಗುತ್ತದೆ. ಇಲ್ಲಿ ಗಾಳಿಯಲ್ಲಿ ಕಳಿಸಬೇಕು. ಪರದೆಯ ಬೆಳಕಿನಲ್ಲಿ ಉಳಿಸಿದ್ದನ್ನು ವೈಫೈ ತಿಂದುಹಾಕುತ್ತದೆ. ಅತ್ತ ಫೋನಿನ ಪರದೆಯೂ ಉರಿಯುತ್ತಿರುತ್ತದೆ. ಖಾಲಿಯಾಗುವುದು ಎರಡು ಬ್ಯಾಟರಿ!

ಆ ಕ್ಯಾಮೆರಾದ ಬ್ಯಾಟರಿ 630 ಎಂಎಎಚ್, 3.6 ವೋಲ್ಟ್. ಅಂದರೆ ಸುಮಾರು 2.3 ವ್ಯಾಟ್-ಗಂಟೆ. ಒಟ್ಟು ಖರ್ಚು 2 ವ್ಯಾಟ್ ಅಂತ ಹಿಡಿದರೂ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು, ಅಷ್ಟೇ. ದೊಡ್ಡ ಬ್ಯಾಟರಿ ಹಾಕೋಣವೆಂದರೆ ಫೋನಿನ ಬೆನ್ನಿಗೆ ಭಾರ ನೇತುಹಾಕಿದ ಹಾಗೆ.

ಈಗ ಇದನ್ನು ಕಾಸರಗೋಡಿನ ಕುಂಬಳೆ ಕಡೆಯ ಒಂದು ಯಕ್ಷಗಾನ ಬಯಲಾಟಕ್ಕೆ ಒಯ್ಯಿರಿ. ಗದ್ದೆ ತುಂಬ ಜನ, ಎಲ್ಲರ ಕೈಯಲ್ಲೂ ಫೋನ್. ವೈಫೈ ಓಡುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನೂಕುನುಗ್ಗಲು, ಚಿತ್ರ ತಡವಾಗಿ ಬರುತ್ತದೆ. ಚೆಂಡೆಯ ಪೆಟ್ಟಿಗೆ ವೇಷಧಾರಿ ದಿಗಿಣ (ಗಿರಕಿ ಹೊಡೆಯುತ್ತ ಮೇಲೆ ಜಿಗಿಯುವುದು) ಹಾರುತ್ತಾನೆ. ನಿಮ್ಮ ಫೋನಿನಲ್ಲಿ ಅವನ ಕಾಲು ಇನ್ನೂ ನೆಲದ ಮೇಲೇ ಇದೆ. ಮೇಲೇರಿದ್ದು ಕಂಡು ಬೆರಳು ಒತ್ತಿ, ಆ ಆಜ್ಞೆ ಕ್ಯಾಮೆರಾಕ್ಕೆ ಮುಟ್ಟುವಾಗ ಅವನು ಇಳಿದಾಗಿದೆ. ನಡುನಡುವೆ ಕ್ಯಾಮೆರಾದ ವೈಫೈಯನ್ನು ಮಲಗಿಸಿದರೆ ಕರೆಂಟು ಉಳಿಯುತ್ತದೆ, ಚಿತ್ರ ಇನ್ನಷ್ಟು ತಡವಾಗುತ್ತದೆ. ಚಿತ್ರವನ್ನೇ ಸಣ್ಣದು ಮಾಡಿದರೆ ಫೋಕಸ್ ಸರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

2015ರಲ್ಲಿ ಬಂದ ಡಿಎಕ್ಸ್‌ಒ ಒನ್ ಎಂಬ ಇಂಥದ್ದೇ ಕ್ಯಾಮೆರಾ ಬೇರೆ ದಾರಿ ಹಿಡಿಯಿತು: ನೇರ ಐಫೋನಿನ ಲೈಟ್ನಿಂಗ್ ಎಂಬ ಚಾರ್ಜಿಂಗ್ ಕಿಂಡಿಗೇ ಚುಚ್ಚುವುದು. ವೈಫೈ ಹಂಗಿಲ್ಲ. ಆದರೆ ಆಗ ಆಂಡ್ರಾಯ್ಡ್‌ನವರು ಹೊರಗೆ. 2023ರಲ್ಲಿ ಐಫೋನಿನ ಕಿಂಡಿಯೇ ಬದಲಾಯಿತು.

ನನ್ನನ್ನು ಕೇಳಿದರೆ, ಸದಾ ನೇರ ಚಿತ್ರ ತೋರಿಸುವ ಹಟವನ್ನೇ ಬಿಡಬೇಕು. ಮೈಮೇಲೆ ಒಂದು ಗುಂಡಿ, ಇಣುಕಲು ಸಾದಾ ಕಿಂಡಿ ಇರಲಿ. ಫೋನಿನ ಜೊತೆ ಕಡಿಮೆ ಕರೆಂಟಿನ ಬ್ಲೂಟೂತ್ ನಂಟು ಸಾಕು. ಫೋಟೊ ಸಾಗಿಸುವಾಗ ಮಾತ್ರ ವೈಫೈ ಎಬ್ಬಿಸಿದರಾಯಿತು. ಆಟ ನೋಡಿ ಬೆಳೆದವರಿಗೆ ದಿಗಿಣ ಯಾವಾಗ ಅಂತ ಚೆಂಡೆಯೇ ಹೇಳುತ್ತದೆ. ಕಿರೀಟದ ತುದಿ ತಪ್ಪೀತು ಅನ್ನುವ ಭಯವೇ? ಸ್ವಲ್ಪ ಅಗಲವಾಗಿ ಹಿಡಿದು ಆಮೇಲೆ ಕತ್ತರಿಸಿಕೊಳ್ಳಿ. 20 ಮೆಗಾಪಿಕ್ಸೆಲ್ ಇರುವುದು ಮತ್ತೆ ಯಾತಕ್ಕೆ?