ಮೂರನೆಯವರು ಹತ್ತಿದರೆ ಅಂಬಾಸಿಡರ್ ಗೆಲ್ಲುತ್ತದೆ

ಕರಾವಳಿ ಕಡೆಯಿಂದ ಮಡಿಕೇರಿಗೆ ಏರುವ ಸಂಪಾಜೆ ಘಾಟಿ ಹತ್ತುವುದರಲ್ಲಿ ಅಂಬಾಸಿಡರ್ ಮೇಲೋ, ಫಿಯಟ್ ಮೇಲೋ? ನಮ್ಮ ಮನೆಯಲ್ಲಿ ಈ ಜಗಳ ನಾನು ಹುಟ್ಟುವ ಮೊದಲೇ ಶುರುವಾಗಿತ್ತು. ದೊಡ್ಡಪ್ಪ ಅಂಬಾಸಿಡರ್ ಪಕ್ಷ, ಮಾವ ಪ್ರೀಮಿಯರ್ ಪದ್ಮಿನಿ ಪಕ್ಷ. ಚಿತ್ತೋರಿನ ರಾಣಿಯ ಹೆಸರು ಆ ಕಾರಿಗೆ ಬಂದದ್ದು 1974ರಲ್ಲಿ. ಮಾವ ಮಾತ್ರ ಕೊನೆತನಕ ಫಿಯಟ್ ಅಂತಲೇ ಕರೆದರು.

‘ಭಾರದ ಗಾಡಿ, ರಸ್ತೆ ಕಚ್ಚಿಕೊಂಡು ಹತ್ತುತ್ತದೆ’ ಎನ್ನುವುದು ದೊಡ್ಡಪ್ಪನ ವಾದ. ಇದನ್ನು ಕೇಳಿದರೆ ನನಗೆ ಈಗಲೂ ತಲೆಬಿಸಿ. ಟಾರು ರಸ್ತೆಯ ಏರಿನಲ್ಲಿ ಈ ಕಾರುಗಳಿಗೆ ಕೊರತೆಯಾಗುತ್ತಿದ್ದದ್ದು ಹಿಡಿತವಲ್ಲ, ಕಸುವು. ಭಾರ ಹೆಚ್ಚಿದಷ್ಟೂ ಎಂಜಿನ್‌ಗೆ ಕೆಲಸ ಜಾಸ್ತಿ, ಅಷ್ಟೇ.

ಲೆಕ್ಕ ನೋಡಿ. ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್‌ಗೆ ಸುಮಾರು 50 ಹಾರ್ಸ್‌ಪವರ್, ಗಾಡಿಯ ತೂಕ ಸುಮಾರು 1150 ಕೆಜಿ. ಪದ್ಮಿನಿಯದು 1089 ಸಿಸಿ, ಸುಮಾರು 40 ಹಾರ್ಸ್‌ಪವರ್, 895 ಕೆಜಿ. ಒಂದು ಟನ್ನಿಗೆ ಎಷ್ಟು ಹಾರ್ಸ್‌ಪವರ್ ಎಂದು ಭಾಗಿಸಿದರೆ ಖಾಲಿ ಪದ್ಮಿನಿಗೆ 44.7, ಖಾಲಿ ಅಂಬಾಸಿಡರ್‌ಗೆ 43.5. ಚಿಕ್ಕ ಗಾಡಿಯೇ ಒಂದು ಕೂದಲಿನಷ್ಟು ಮುಂದೆ!

ಮಜಾ ಇರುವುದು ಇನ್ನು ಮುಂದೆ. ಎರಡಕ್ಕೂ ಒಂದೇ ಹೊರೆ ಹಾಕಿ. ಚಿಕ್ಕ ಪಾತ್ರೆಯ ಸಾರಿಗೂ ದೊಡ್ಡ ಪಾತ್ರೆಯ ಸಾರಿಗೂ ಒಂದೊಂದು ಚೊಂಬು ನೀರು ಸುರಿದರೆ ಯಾವುದು ಜಾಸ್ತಿ ತೆಳ್ಳಗಾಗುತ್ತದೆ? ಚಿಕ್ಕದೇ ಅಲ್ವಾ. ಸಣಕಲನ ಬೆನ್ನಿಗೂ ಪೈಲ್ವಾನನ ಬೆನ್ನಿಗೂ ಒಂದೊಂದು ಮೂಟೆ ಕಾಫಿ ಹೊರಿಸಿ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿಸಿದರೂ ಅದೇ ಕತೆ. ಮೂಟೆ ಇಲ್ಲದಾಗ ಸಣಕಲ ಮೊದಲು ಹತ್ತಿರಬಹುದು. ಮೂಟೆ ಬಿತ್ತೋ, ಅವನ ಮೈತೂಕಕ್ಕೆ ಅದು ದೊಡ್ಡ ಪಾಲು.

ಹೊರೆ 125 ಕೆಜಿ ಆದಾಗ ಎರಡೂ ಕಾರು ಸಮ. ಅಂದರೆ ಇಬ್ಬರು ಕೂತರೆ ಹೆಚ್ಚುಕಡಿಮೆ ಜೋಡಿ. ಮೂರನೆಯವರು ಹತ್ತಿದ ಕೂಡಲೇ ಅಂಬಾಸಿಡರ್ ಮುಂದೆ. ಮದುವೆಗೆ ಹೊರಟ ಆರು ಜನ, ಡಿಕ್ಕಿ ತುಂಬ ಸಾಮಾನು, ಒಟ್ಟು 420 ಕೆಜಿ ಅಂತಿಟ್ಟುಕೊಂಡರೆ ಪದ್ಮಿನಿಗೆ ಟನ್ನಿಗೆ 30.4, ಅಂಬಾಸಿಡರ್‌ಗೆ 31.8. ಗೇರು, ಟೈರುಗಳನ್ನು ಬಿಟ್ಟ ಲೆಕ್ಕ ಇದು, ಒಪ್ಪಿದೆ. ಮಡಿಕೇರಿಯ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಹತ್ತು ಪರ್ಸೆಂಟಿನಷ್ಟು ತೆಳು, ಆ ಪೆಟ್ಟು ಮಾತ್ರ ಎರಡೂ ಎಂಜಿನ್‌ಗೆ ಒಂದೇ ಪಾಲು.

ಮಾವ ಒಬ್ಬರೇ ಓಡಿಸುತ್ತಿದ್ದರು. ದೊಡ್ಡಪ್ಪನ ಗಾಡಿಯಲ್ಲಿ ಯಾವಾಗಲೂ ಅರ್ಧ ಊರು. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದರು. ಘಾಟಿ ಬುಡದಲ್ಲಿ ದೊಡ್ಡಪ್ಪ ಚಕ್ರದಡಿ ಇಡುತ್ತಿದ್ದ ನಿಂಬೆಹಣ್ಣು ಲೆಕ್ಕದಲ್ಲಿ ಬರುವುದಿಲ್ಲ, ಅದೇನೂ ಗಾಡಿಯೊಳಗೆ ಹತ್ತಿ ಕೂರುತ್ತಿರಲಿಲ್ಲ. ಮಾವನ ಫಿಯಟ್ ಒಮ್ಮೆ ತುಂಬಿಕೊಂಡು ಹೋಗಿ ತಿರುವಿನಲ್ಲಿ ಉಸಿರು ಬಿಟ್ಟಾಗ, ಅತ್ತೆ ಮತ್ತು ನಾವು ಮೂವರು ಮಕ್ಕಳು ಇಳಿದು ನಡೆದೆವು. ಗಾಡಿ ಸಲೀಸಾಗಿ ಹತ್ತಿತು.